ಪ್ರಶ್ನೆ ತಪ್ಪಿದರೆ ಉಗ್ರಾಣಕ್ಕೆ ಕನ್ನ

2015ರ ಅಕ್ಟೋಬರ್ ತಿಂಗಳ ಮೂರನೆಯ ವಾರ. ಬ್ರಿಟನ್ನಿನ ದೂರವಾಣಿ ಹಾಗೂ ಇಂಟರ್‌ನೆಟ್ ಸಂಸ್ಥೆಯಾದ ಟಾಕ್‌ಟಾಕ್‌ನ ಮಾಹಿತಿಯ ಉಗ್ರಾಣಕ್ಕೆ ಕಳ್ಳರು ಕೈಹಾಕಿದರು. ಬೀಗ ಮುರಿಯಲಿಲ್ಲ, ಗೋಡೆ ಹಾರಲಿಲ್ಲ, ಕಾವಲುಗಾರನ ಕಣ್ಣಿಗೆ ಮಣ್ಣೆರಚುವ ಪ್ರಮೇಯವೂ ಬರಲಿಲ್ಲ. ಆದರೂ 1,56,959 ಗ್ರಾಹಕರ ಖಾಸಗಿ ವಿವರಗಳು ಹೊರಬಿದ್ದವು. ಹೆಸರು, ವಿಳಾಸ, ಜನ್ಮದಿನ, ದೂರವಾಣಿ ಸಂಖ್ಯೆಗಳು ಅವುಗಳಲ್ಲಿದ್ದವು. ಈ ಪೈಕಿ 15,656 ಮಂದಿಯ ಬ್ಯಾಂಕ್ ಖಾತೆಯ ವಿವರಗಳೂ ಕಳ್ಳರ ಪಾಲಾದವು. ಮರುವರ್ಷ ಆ ದೇಶದ ಮಾಹಿತಿ ಆಯುಕ್ತರ ಕಚೇರಿಯು ವಿಚಾರಣೆ ನಡೆಸಿ ಸಂಸ್ಥೆಗೆ ನಾಲ್ಕು ಲಕ್ಷ ಪೌಂಡುಗಳ ದಂಡ ವಿಧಿಸಿತು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವರಲ್ಲಿ ಒಬ್ಬನು ಹದಿನೇಳು ವರ್ಷದ ಹುಡುಗ. ಗೆಳೆಯರ ಮುಂದೆ ತನ್ನ ಕೈಚಳಕ ಮೆರೆಸುವುದಕ್ಕಾಗಿ ಹಾಗೆ ಮಾಡಿದೆನೆಂದು ಅವನು ಹೇಳಿಕೊಂಡನು.

ಹಾಗಾದರೆ ಕಳ್ಳತನ ನಡೆದುದಾದರೂ ಹೇಗೆ? ಕಳ್ಳರು ಮಾಡಿದುದಿಷ್ಟೆ: ಉಗ್ರಾಣಿಗೆ ಒಂದು ಪ್ರಶ್ನೆ ಕೇಳಿದರು. ಉಗ್ರಾಣಿ ಉತ್ತರ ಕೊಟ್ಟನು.

ಈ ಉಗ್ರಾಣಿ ಮನುಷ್ಯನಲ್ಲ, ಯಂತ್ರ. ಅದಕ್ಕೆ ಪ್ರಶ್ನೆ ಕೇಳುವ ಬಗೆ ಯಾವುದು, ಆ ಪ್ರಶ್ನೆಯಲ್ಲಿ ನುಸುಳುವ ತಪ್ಪನ್ನು ಎಲ್ಲಿ ತಡೆಯಬೇಕು ಎಂಬ ವಿಷಯ ಮೇಲುನೋಟಕ್ಕೆ ಪ್ರೋಗ್ರಾಮರುಗಳಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಆದರೆ ರೈಲಿನ ಟಿಕೆಟು ಕಾದಿರಿಸುವ ತಂದೆ, ವಿದ್ಯುತ್ತಿನ ಬಿಲ್ಲು ಕಟ್ಟುವ ತಾಯಿ, ಪರೀಕ್ಷೆಯ ಫಲಿತಾಂಶ ನೋಡುವ ಮಗಳು, ಪಿಂಚಣಿ ಬಂತೇ ಎಂದು ಬ್ಯಾಂಕಿನ ಲೆಕ್ಕ ತೆರೆಯುವ ತಾತ, ಇವರೆಲ್ಲರೂ ದಿನಕ್ಕೆ ಹತ್ತಾರು ಸಲ ತಮಗರಿವಿಲ್ಲದಂತೆ ಇಂಥ ಉಗ್ರಾಣಿಗಳನ್ನು ಪ್ರಶ್ನಿಸುತ್ತಲೇ ಇರುತ್ತಾರೆ. ಬೆರಳು ಪರದೆಯನ್ನು ಮುಟ್ಟಿದೊಡನೆ ಎಲ್ಲೋ ದೂರದ ಕೊಠಡಿಯಲ್ಲಿರುವ ಯಂತ್ರಕ್ಕೆ ಒಂದು ಪ್ರಶ್ನೆ ಹೋಗುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಬರುತ್ತದೆ. ಆ ಉಗ್ರಾಣಕ್ಕೆ ಡೇಟಾಬೇಸ್ ಎಂದು ಹೆಸರು.

ವಿಮಾನಚಾಲಕನ ಕೋಷ್ಟಕ

ಮೊದಮೊದಲು ಈ ಉಗ್ರಾಣಗಳಿಂದ ಮಾಹಿತಿಯನ್ನು ಹೊರತೆಗೆಯುವುದು ಬಹು ಪ್ರಯಾಸದ ಕೆಲಸವಾಗಿತ್ತು. ಅಮೆರಿಕದ ಅಪೊಲೊ ಚಂದ್ರಯಾನಕ್ಕೆ ಬೇಕಾದ ಅಸಂಖ್ಯ ಬಿಡಿಭಾಗಗಳ ಪಟ್ಟಿಯನ್ನು ಇಡುವುದಕ್ಕಾಗಿ 1960ರ ದಶಕದಲ್ಲಿ ಐಬಿಎಂ ಸಂಸ್ಥೆ ಸಿದ್ಧಪಡಿಸಿದ ಏರ್ಪಾಡಿನಲ್ಲಿ ಮಾಹಿತಿಯು ಮರದ ಕೊಂಬೆರೆಂಬೆಗಳಂತೆ ಕವಲೊಡೆದಿತ್ತು. ಯಾವ ಕೊಂಬೆಯಿಂದ ಯಾವ ರೆಂಬೆಗೆ ಇಳಿಯಬೇಕೆಂಬುದನ್ನು ಬಲ್ಲವನಿಗೆ ಮಾತ್ರ ಬೇಕಾದ ವಸ್ತು ಸಿಕ್ಕುತ್ತಿತ್ತು.

ಅದೇ ಐಬಿಎಂನ ಕ್ಯಾಲಿಫೋರ್ನಿಯದ ಸಂಶೋಧನಾಲಯದಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರಿದ್ದರು. ಹುಟ್ಟಿನಿಂದ ಇಂಗ್ಲೆಂಡಿನವರು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ನಡೆಸಿದವರು. 1970ರ ಜೂನ್ ತಿಂಗಳಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಈ ವಿದ್ಯೆಯ ದಿಕ್ಕನ್ನೇ ಬದಲಿಸಿತು. ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿಡಿ. ಅದು ಒಳಗೆ ಎಲ್ಲಿ ಅಡಗಿದೆ, ಯಾವ ದಾರಿಯಿಂದ ಹೋಗಬೇಕು ಎಂಬ ಚಿಂತೆ ಕೇಳುವವನಿಗೆ ಬೇಡ. ಏನು ಬೇಕು ಎಂಬುದನ್ನು ಹೇಳಿದರೆ ಸಾಕು, ಹುಡುಕುವುದು ಯಂತ್ರದ ಹೊಣೆ. ಇದು ಅವರ ವಾದದ ತಿರುಳು. ಈ ವಿಚಾರಕ್ಕಾಗಿ 1981ರಲ್ಲಿ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಕಾಡ್ ಅವರ ಕೋಷ್ಟಕಗಳನ್ನು ಪ್ರಶ್ನಿಸಲು ಒಂದು ಭಾಷೆ ಬೇಕಾಯಿತು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ತರುಣರು 1974ರಲ್ಲಿ ಅದನ್ನು ರಚಿಸಿ ‘ಸೀಕ್ವೆಲ್’ ಎಂದು ಕರೆದರು. ದುರ್ದೈವವೆಂದರೆ ಬಾಯ್ಸ್ ಅದೇ ವರ್ಷ ತೀರಿಕೊಂಡರು. ತಮ್ಮ ಕೂಸು ಲೋಕವನ್ನು ಗೆದ್ದುದನ್ನು ಅವರು ಕಾಣಲಿಲ್ಲ. ಹೆಸರಿನ ಹಕ್ಕಿನ ತೊಡಕಿನಿಂದಾಗಿ ಮುಂದೆ ಅದು ‘ಎಸ್‌ಕ್ಯೂಎಲ್’ ಆಯಿತು. ಅರ್ಧ ಶತಮಾನ ಕಳೆದ ಮೇಲೂ ಜಗತ್ತಿನ ಡೇಟಾಬೇಸುಗಳನ್ನು ಹೆಚ್ಚಾಗಿ ಮಾತನಾಡಿಸುವುದು ಈ ಭಾಷೆಯೇ.

ಈ ಭಾಷೆಯನ್ನು ಕಟ್ಟಿದವರ ಕಣ್ಣೆದುರಿಗಿದ್ದವನು ಪ್ರೋಗ್ರಾಮರ್ ಒಬ್ಬನೇ ಅಲ್ಲ. ಗಣಿತದ ತರಬೇತಿಯಿಲ್ಲದ ಸಾಮಾನ್ಯ ಉದ್ಯೋಗಿಯೂ ಯಂತ್ರದ ಮುಂದೆ ಕುಳಿತು, ತನಗೆ ಬೇಕಾದುದನ್ನು ಬಹುಮಟ್ಟಿಗೆ ಇಂಗ್ಲಿಷಿನಂತಿರುವ ವಾಕ್ಯಗಳಲ್ಲಿ ತಾನೇ ಬೆರಳಚ್ಚಿಸಿ ಕೇಳಲಿ ಎಂಬುದು ಅವರ ಆಶಯವಾಗಿತ್ತು. ಕಾಲಕ್ರಮದಲ್ಲಿ ನಡೆದುದು ಬೇರೆ. ಮನುಷ್ಯನ ಬದಲು ಇನ್ನೊಂದು ಪ್ರೋಗ್ರಾಂ ಆ ವಾಕ್ಯಗಳನ್ನು ಕಟ್ಟಿ ಕಳಿಸತೊಡಗಿತು. ತೊಡಕು ಹುಟ್ಟಿದುದು ಅಲ್ಲಿ.

ತಂತಿ ಗುಮಾಸ್ತನ ನಿರ್ಲಿಪ್ತತೆ

2013ರ ಜುಲೈ ತಿಂಗಳಲ್ಲಿ ಭಾರತದಲ್ಲಿ ನಿಂತುಹೋದ ತಂತಿ ಸೇವೆಯನ್ನು ಹಿರಿಯರು ಮರೆತಿರಲಾರರು. ಕಾಗದದ ಮೇಲೆ ಬರೆದುಕೊಟ್ಟ ಅಕ್ಷರಗಳನ್ನು ತಂತಿ ಗುಮಾಸ್ತನು ಒಂದೊಂದಾಗಿ ರವಾನಿಸುತ್ತಿದ್ದನು. ಅಕ್ಷರಗಳ ಎಣಿಕೆ ಅವನ ಕೆಲಸ. ಅರ್ಥ ಅವನ ಕೆಲಸವಲ್ಲ. ‘ಬರುತ್ತೇನೆ’ ಎಂದು ಬರೆಯಬೇಕಾದವನು ‘ಬರೆಯುತ್ತೇನೆ’ ಎಂದು ಬರೆದುಕೊಟ್ಟರೆ ಸಂದೇಶ ಹಾಗೆಯೇ ಹೋಗುತ್ತಿತ್ತು. ತಪ್ಪು ಬಯಲಾಗುತ್ತಿದ್ದುದು ನೂರಾರು ಮೈಲಿ ದೂರದ ನಿಲ್ದಾಣದಲ್ಲಿ ಎದುರುಗೊಳ್ಳಲು ಯಾರೂ ಬಾರದಿದ್ದಾಗ.

ಪ್ರೋಗ್ರಾಮಿನೊಳಗಿನಿಂದ ಡೇಟಾಬೇಸಿಗೆ ಹೋಗುವ ಪ್ರಶ್ನೆಯ ಸ್ಥಿತಿಯೂ ಇದೇ. ಪ್ರೋಗ್ರಾಮರನು ಜಾವಾದಂಥ ಭಾಷೆಯಲ್ಲಿ ಬರೆದುದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವ ಸಾಧನವೊಂದಿದೆ. ಅದರ ಹೆಸರು ಕಂಪೈಲರ್. ಬಲು ಕಟ್ಟುನಿಟ್ಟಿನ ಮೇಷ್ಟರಂತೆ ಅದು ಪ್ರತಿಯೊಂದು ಸಾಲನ್ನೂ ತಿದ್ದಿ ನೋಡುತ್ತದೆ. ಕಾಗುಣಿತ ತಪ್ಪಿದರೆ ಕೆಂಪು ಗೆರೆ. ವ್ಯಾಕರಣ ತಪ್ಪಿದರೆ ಕೆಂಪು ಗೆರೆ. ಆದರೆ ಡೇಟಾಬೇಸಿನ ಪ್ರಶ್ನೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಬರಿಯ ಅಕ್ಷರಗಳ ಸರವಾಗಿ ಇಟ್ಟುಬಿಟ್ಟರೆ ಈ ಮೇಷ್ಟರು ಅದನ್ನು ಓದುವುದಿಲ್ಲ. ಅದು ಅವರ ಪಾಲಿಗೆ ಲಕೋಟೆಯೊಳಗಿನ ಪರರ ಕಾಗದ.

ಒಂದು ಗ್ರಂಥಾಲಯದ ಉದಾಹರಣೆ ತೆಗೆದುಕೊಳ್ಳಬಹುದು. ಸದಸ್ಯರ ಕೋಷ್ಟಕದಲ್ಲಿ ‘ಜನ್ಮದಿನ’ ಎಂಬ ಅಂಕಣವಿದೆ. ಪ್ರಶ್ನೆ ಬರೆದವನು ಅವಸರದಲ್ಲಿ ಅದನ್ನು ‘ಜನದಿನ’ ಎಂದು ಬರೆದನು. ಕಂಪೈಲರು ಮಾತಾಡುವುದಿಲ್ಲ. ಪ್ರೋಗ್ರಾಂ ಸಿದ್ಧವಾಗಿ, ಬಳಕೆಗೆ ಬಂದು, ಒಂದು ದಿನ ಯಾರೋ ಒಬ್ಬರು ಮಕ್ಕಳ ವಿಭಾಗದ ಸದಸ್ಯರ ಪಟ್ಟಿ ಕೇಳಿದಾಗ ಮಾತ್ರ ಉಗ್ರಾಣಿ ‘ಅಂಥ ಅಂಕಣವೇ ಇಲ್ಲ’ ಎಂದು ಕೈಯಾಡಿಸುತ್ತಾನೆ. ಅಥವಾ, ಅಂಕಣದ ಹೆಸರು ಸರಿಯಾಗಿದ್ದು, ದಿನಾಂಕವಿರಬೇಕಾದಲ್ಲಿ ಊರಿನ ಹೆಸರನ್ನು ಇಟ್ಟರೂ ಇದೇ ಗತಿ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪ್ರಶ್ನೆಯಾದರೆ ತಪ್ಪು ವರ್ಷವಿಡೀ ಬೂದಿ ಮುಚ್ಚಿದ ಕೆಂಡದಂತೆ ಅಡಗಿರುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ನಡುರಾತ್ರಿಯಲ್ಲಿ ಫೋನು ಬಂದೊಡನೆ ಎದ್ದು ಕಂಪ್ಯೂಟರಿನ ಮುಂದೆ ಕೂರುವುದನ್ನು ಮನೆಯವರು ಕಂಡಿದ್ದಾರೆ. ಅಂಥ ಕರೆಗಳಲ್ಲಿ ಕೆಲವು ಇಂತಹ ಕೆಂಡಗಳು ಹೊತ್ತಿಕೊಂಡಾಗಿನವು.

ಕಾಗುಣಿತದ ತಪ್ಪಿನಿಂದ ಕೆಲಸ ನಿಲ್ಲುತ್ತದೆ, ಅಷ್ಟೆ. ಮೂರನೆಯದೊಂದು ತಪ್ಪಿದೆ, ಅದರಿಂದ ಮನೆಯೇ ಸೂರೆಯಾಗುತ್ತದೆ.

ಹೆಸರಿನ ಜಾಗದಲ್ಲಿ ಅಪ್ಪಣೆ

ಗ್ರಂಥಾಲಯದ ಪ್ರೋಗ್ರಾಂ ‘ಹೆಸರು ಇಂಥದ್ದಾಗಿರುವ ಸದಸ್ಯನ ವಿವರ ಕೊಡು’ ಎಂಬ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ‘ಇಂಥದ್ದು’ ಎಂಬಲ್ಲಿಗೆ, ಪರದೆಯ ಮೇಲಿನ ಚೌಕದಲ್ಲಿ ಸದಸ್ಯನು ಬೆರಳಚ್ಚಿಸಿದ ಹೆಸರನ್ನು ಅಂಟಿಸಿ ಉಗ್ರಾಣಿಗೆ ಕಳಿಸುತ್ತದೆ. ಸಭ್ಯನು ‘ರಾಮಣ್ಣ’ ಎಂದು ಬರೆಯುತ್ತಾನೆ; ರಾಮಣ್ಣನ ವಿವರ ಬರುತ್ತದೆ. ಧೂರ್ತನು ಆ ಚೌಕದಲ್ಲಿ ಬೇರೆಯೇ ಬರೆಯುತ್ತಾನೆ: ಮೊದಲು ಒಂದು ಹೆಸರು, ಬಳಿಕ ಹೆಸರು ಮುಗಿಯಿತೆಂದು ತಿಳಿಸುವ ಉದ್ಧರಣ ಚಿಹ್ನೆ, ಅದರ ಮುಂದೆ ‘ಅಥವಾ ಒಂದಕ್ಕೆ ಒಂದು ಸಮವಾಗಿದ್ದರೆ’ ಎಂಬ ಷರತ್ತು. ಒಂದಕ್ಕೆ ಒಂದು ಸಮವಲ್ಲದ ಕಾಲ ಯಾವುದು? ಉಗ್ರಾಣಿಯ ದೃಷ್ಟಿಯಲ್ಲಿ ಪ್ರತಿಯೊಬ್ಬ ಸದಸ್ಯನೂ ಈ ಷರತ್ತಿಗೆ ಒಪ್ಪುವವನೇ. ಆದುದರಿಂದ ಅವನು ಒಬ್ಬನ ವಿವರದ ಬದಲು ಎಲ್ಲರ ವಿವರವನ್ನೂ ತಂದು ಸುರಿಯುತ್ತಾನೆ.

ಇದರಲ್ಲಿ ಉಗ್ರಾಣಿಯ ದ್ರೋಹವೇನೂ ಇಲ್ಲ. ಯಜಮಾನನ ಮಾತು ಎಲ್ಲಿ ಮುಗಿದು ಅಪರಿಚಿತನ ಮಾತು ಎಲ್ಲಿ ಆರಂಭವಾಯಿತೆಂಬುದು ಅವನಿಗೆ ತಿಳಿಯುವಂತಿಲ್ಲ. ಎರಡೂ ಒಂದೇ ಅಕ್ಷರಗಳ ಸರದಲ್ಲಿ ಪೋಣಿಸಿ ಬಂದಿವೆ. 1998ರ ಡಿಸೆಂಬರಿನಲ್ಲಿ ಜೆಫ್ ಫಾರಿಸ್ಟಲ್ ಎಂಬ ತಜ್ಞರು ‘ಫ್ರ್ಯಾಕ್’ ಎಂಬ ಕಂಪ್ಯೂಟರ್ ಪತ್ರಿಕೆಯಲ್ಲಿ ಈ ಬಗೆಯ ಮೋಸವನ್ನು ವಿವರಿಸಿ ಬರೆದರು. ಹದಿನೇಳು ವರ್ಷಗಳ ಬಳಿಕ ಟಾಕ್‌ಟಾಕ್‌ನ ಉಗ್ರಾಣಕ್ಕೆ ಬಿದ್ದ ಕನ್ನವೂ ಇದೇ ಜಾತಿಯದು. ವೆಬ್ ಪ್ರೋಗ್ರಾಮುಗಳ ಅಪಾಯಗಳನ್ನು ಪಟ್ಟಿಮಾಡುವ ಓವಾಸ್ಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2017ರ ಪಟ್ಟಿಯಲ್ಲಿ ಇಂಥ ನುಸುಳುವಿಕೆಗೆ ಮೊದಲ ಸ್ಥಾನ. 2021ರ ಪಟ್ಟಿಯಲ್ಲಿ ಮೂರನೆಯದು.

ಇದಕ್ಕೆ ನೇರವಾದ ಮದ್ದು ಬಹು ಹಿಂದೆಯೇ ಇತ್ತು. ಪ್ರಶ್ನೆಯ ವಾಕ್ಯವನ್ನು ಒಂದು ಲಕೋಟೆಯಲ್ಲಿ, ತುಂಬಬೇಕಾದ ಹೆಸರನ್ನು ಇನ್ನೊಂದು ಲಕೋಟೆಯಲ್ಲಿ ಕಳಿಸಿದರಾಯಿತು. ಎರಡನೆಯದರಲ್ಲಿರುವುದನ್ನು ಉಗ್ರಾಣಿ ಹೆಸರೆಂದೇ ಬಗೆಯುತ್ತಾನಲ್ಲದೆ ಅಪ್ಪಣೆಯೆಂದು ಎಂದಿಗೂ ಬಗೆಯುವುದಿಲ್ಲ. ಆದರೆ ಹಾಗೆ ಮಾಡಲೇಬೇಕೆಂಬ ಕಟ್ಟುಪಾಡಿರಲಿಲ್ಲ. ನೂರು ಕಡೆ ನೆನಪಿಟ್ಟವನು ನೂರೊಂದನೆಯ ಕಡೆ ಮರೆತರೆ ಆ ಒಂದೇ ಕಿಂಡಿ ಕಳ್ಳನಿಗೆ ಸಾಕು. ಮರೆತರೂ ತಪ್ಪಲು ಸಾಧ್ಯವಾಗದಂತೆ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕಟ್ಟಲಾಗದೇ ಎಂಬ ಯೋಚನೆ ಹುಟ್ಟಿದುದು ಸಹಜ.

ಎರಡು ಮೀಟರ್ ಹಾಲು

ಈ ಯೋಚನೆಯ ಬೇರು ‘ಟೈಪ್’ ಎಂಬ ಕಲ್ಪನೆಯಲ್ಲಿದೆ. ಟೈಪ್ ಎಂದರೆ ವಸ್ತುವಿನ ಬಗೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತಾರೆ, ಬಟ್ಟೆಯನ್ನು ಮೀಟರಿನಲ್ಲಿ. ಎರಡು ಮೀಟರ್ ಹಾಲು ಕೊಡೆಂದರೆ ಹಾಲಿನವಳು ನಕ್ಕಾಳು. ಆಕೆ ಲೆಕ್ಕ ಹಾಕಿ ನೋಡಬೇಕಾಗಿಲ್ಲ. ಮಾತಿನ ಆಕಾರವೇ ತಪ್ಪೆಂಬುದು ಆಕೆಗೆ ಕೇಳಿದೊಡನೆ ತಿಳಿಯುತ್ತದೆ. ಹಾಗೆಯೇ ‘ಇದು ಸಂಖ್ಯೆ’, ‘ಇದು ದಿನಾಂಕ’, ‘ಇದು ಹೆಸರು’ ಎಂದು ಮೊದಲೇ ಸಾರಿಟ್ಟರೆ, ದಿನಾಂಕವನ್ನು ಹೆಸರಿನೊಡನೆ ಹೋಲಿಸಲು ಹೊರಟ ವಾಕ್ಯವನ್ನು ಕಂಪೈಲರು ನಡೆಸಿ ನೋಡದೆಯೇ ತಳ್ಳಿಹಾಕಬಲ್ಲದು. ಬ್ರಿಟನ್ನಿನ ವಿದ್ವಾಂಸ ರಾಬಿನ್ ಮಿಲ್ನರ್ 1978ರ ತಮ್ಮ ಪ್ರಬಂಧದಲ್ಲಿ, ಹೀಗೆ ಬಗೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರೋಗ್ರಾಂ ನಡೆಯುವಾಗ ಆ ಜಾತಿಯ ತಪ್ಪಿಗೆ ಈಡಾಗಲಾರದೆಂಬುದನ್ನು ಗಣಿತದಿಂದಲೇ ಸಾಧಿಸಿ ತೋರಿಸಿದರು.

ಬಗೆಯನ್ನು ಮರೆತು ಬರಿಯ ಅಂಕಿಯನ್ನು ದಾಟಿಸಿದರೆ ಏನಾಗುತ್ತದೆಂಬುದಕ್ಕೆ ಮಂಗಳ ಗ್ರಹದ ಬಳಿ ನಡೆದ ಅವಘಡವೇ ಸಾಕ್ಷಿ. 1998ರ ಡಿಸೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆ ಹಾರಿಬಿಟ್ಟ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯ ಸಣ್ಣ ನೂಕುಬಲಗಳ ಲೆಕ್ಕವನ್ನು ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಪೌಂಡುಗಳ ಮಾನದಲ್ಲಿ ಬರೆದಿಟ್ಟಿತು. ಅದನ್ನು ಓದಿದ ಇನ್ನೊಂದು ಪ್ರೋಗ್ರಾಂ ನ್ಯೂಟನ್ನುಗಳೆಂದು ತಿಳಿಯಿತು. ಒಂದಕ್ಕಿಂತ ಇನ್ನೊಂದು ಸುಮಾರು ನಾಲ್ಕೂವರೆ ಪಟ್ಟು ದೊಡ್ಡದು. 1999ರ ಸೆಪ್ಟೆಂಬರ್ 23ರಂದು ನೌಕೆಯು ಮಂಗಳವನ್ನು ತಲಪಿದಾಗ ಗೊತ್ತುಮಾಡಿದ್ದ ಎತ್ತರಕ್ಕಿಂತ ಬಹಳ ಕೆಳಗೆ, ಸುಮಾರು 57 ಕಿಲೋಮೀಟರಿನ ಎತ್ತರದಲ್ಲಿ ವಾಯುಮಂಡಲಕ್ಕೆ ನುಗ್ಗಿ ನಾಶವಾಯಿತು. ಅಂಕಿಗಳಲ್ಲಿ ದೋಷವಿರಲಿಲ್ಲ. ಆ ಅಂಕಿಗಳ ಬಗೆ ಯಾವುದೆಂದು ಹೇಳುವ ಚೀಟಿ ಮಾತ್ರ ಜೊತೆಯಲ್ಲಿರಲಿಲ್ಲ.

ಇಬ್ಬರ ನಡುವೆ ಒಬ್ಬ ದುಭಾಷಿ

ಡೇಟಾಬೇಸಿನ ಪ್ರಶ್ನೆಗಳಿಗೂ ಇಂಥ ಚೀಟಿ ಕಟ್ಟಬೇಕೆಂದರೆ ಒಂದು ಅಡಚಣೆಯಿತ್ತು. ಉಗ್ರಾಣವು ಕೋಷ್ಟಕಗಳ ಲೋಕ. ಪ್ರೋಗ್ರಾಮರನು ಬದುಕುವುದಾದರೋ ಆಬ್ಜೆಕ್ಟುಗಳ ಲೋಕದಲ್ಲಿ. ಅಲ್ಲಿ ‘ಸದಸ್ಯ’ ಎಂಬುದು ಹೆಸರು, ವಯಸ್ಸುಗಳೊಡನೆ ತಾನು ಎರವಲು ಪಡೆದ ಪುಸ್ತಕಗಳನ್ನೂ ಕಂಕುಳಲ್ಲಿ ಇರುಕಿಕೊಂಡು ನಿಂತ ಒಂದೇ ಇಡೀ ವಸ್ತು. ಉಗ್ರಾಣದಲ್ಲಿ ಅದೇ ಸದಸ್ಯನು ಮೂರು ಪಾಲಾಗಿದ್ದಾನೆ: ಸದಸ್ಯರ ಕೋಷ್ಟಕದಲ್ಲಿ ಒಂದು ಸಾಲು, ಪುಸ್ತಕಗಳ ಕೋಷ್ಟಕದಲ್ಲಿ ಕೆಲವು ಸಾಲು, ಎರವಲಿನ ಕೋಷ್ಟಕದಲ್ಲಿ ಮತ್ತೆ ಕೆಲವು ಸಾಲು. ಹೋಗುವಾಗ ಬಿಡಿಸಿಡಬೇಕು, ಬರುವಾಗ ಜೋಡಿಸಬೇಕು. ಪ್ರೋಗ್ರಾಮರುಗಳ ಶ್ರಮದಲ್ಲಿ ದೊಡ್ಡ ಪಾಲು ಈ ಬಿಡಿಸುವ ಜೋಡಿಸುವ ಕೂಲಿಗೇ ವ್ಯಯವಾಗುತ್ತಿತ್ತು.

ಈ ಕೂಲಿಯನ್ನು ತಾನೇ ವಹಿಸಿಕೊಳ್ಳುವ ದುಭಾಷಿ ಪ್ರೋಗ್ರಾಮುಗಳು 1990ರ ದಶಕದಲ್ಲಿಯೇ ಬಂದಿದ್ದವು. ಆದರೆ ಅವುಗಳನ್ನು ಮನೆಮಾತಾಗಿಸಿದ ಕೀರ್ತಿ ‘ಹೈಬರ್ನೇಟ್’ ಎಂಬುದಕ್ಕೆ ಸಲ್ಲುತ್ತದೆ. ಆಗ ಜಾವಾ ಭಾಷೆಯಲ್ಲಿ ದೊಡ್ಡ ಕಂಪನಿಗಳು ಒದಗಿಸಿದ್ದ ಏರ್ಪಾಡು ಬಹಳ ಭಾರವಾದದ್ದೂ ಗೋಜಲಾದದ್ದೂ ಆಗಿತ್ತು. ಅದರಿಂದ ಬೇಸತ್ತ ಗ್ಯಾವಿನ್ ಕಿಂಗ್ ಎಂಬ ಆಸ್ಟ್ರೇಲಿಯದ ತರುಣ 2001ರಲ್ಲಿ ಹೈಬರ್ನೇಟನ್ನು ಆರಂಭಿಸಿದರು. ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಬಹುದಾಗಿದ್ದ ಅದು ಕೆಲವೇ ವರ್ಷಗಳಲ್ಲಿ ಎಲ್ಲೆಡೆಯೂ ಹರಡಿತು. 2006ರಲ್ಲಿ ಜಾವಾದ ಅಧಿಕೃತ ನಿಯಮಾವಳಿಯೂ ಇದೇ ಮಾದರಿಯನ್ನು ಬಹುಮಟ್ಟಿಗೆ ಅಂಗೀಕರಿಸಿತು.

ದುಭಾಷಿ ಬಂದನು, ಆದರೆ ಅವನಿಗೆ ಹೇಳಿಕಳಿಸುವ ಪ್ರಶ್ನೆ ಇನ್ನೂ ಅಕ್ಷರಗಳ ಸರವಾಗಿಯೇ ಉಳಿಯಿತು. ಕೋಷ್ಟಕದ ಹೆಸರಿನ ಬದಲು ಆಬ್ಜೆಕ್ಟಿನ ಹೆಸರು ಬಂದಿತಷ್ಟೆ. ‘ಜನದಿನ’ವೆಂದು ತಪ್ಪಿ ಬರೆದರೆ ಈಗಲೂ ಕಂಪೈಲರು ಮೌನ.

ಪಟ್ಟಿಯಿಂದ ಆರಿಸಿದ ಶುಭಾಶಯ

ಇಲ್ಲಿ ಮತ್ತೆ ತಂತಿ ಕಚೇರಿಯನ್ನು ನೆನೆಯಬೇಕು. ಮದುವೆಗೆ, ಹಬ್ಬಕ್ಕೆ, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಕಳಿಸುವ ಶುಭಾಶಯಗಳಿಗಾಗಿ ಅಲ್ಲಿ ಒಂದು ಅಚ್ಚಾದ ಪಟ್ಟಿ ಇರುತ್ತಿತ್ತು. ಪ್ರತಿಯೊಂದು ವಾಕ್ಯಕ್ಕೂ ಒಂದು ಸಂಖ್ಯೆ. ಕಳಿಸುವವನು ವಾಕ್ಯವನ್ನು ಬರೆಯಬೇಕಾಗಿರಲಿಲ್ಲ. ಪಟ್ಟಿಯಿಂದ ಆರಿಸಿ ಸಂಖ್ಯೆಯನ್ನು ಹೇಳಿದರೆ ಸಾಕು. ಕಾಗುಣಿತ ತಪ್ಪುವಂತಿಲ್ಲ, ಪದ ಬಿಟ್ಟುಹೋಗುವಂತಿಲ್ಲ. ಪಟ್ಟಿಯಲ್ಲಿಲ್ಲದ ಸಂಖ್ಯೆಯನ್ನು ಹೇಳಿದರೆ ಗುಮಾಸ್ತನು ಅಲ್ಲಿಯೇ, ಆಗಲೇ ತಡೆಯುತ್ತಿದ್ದನು.

ಡೇಟಾಬೇಸಿನ ಪ್ರಶ್ನೆಯನ್ನು ಈ ದಾರಿಗೆ ತಂದವರಲ್ಲಿ ಡಾನ್ ಲೆಯೆನ್ ಮತ್ತು ಎರಿಕ್ ಮೈಯರ್ ಎಂಬ ಇಬ್ಬರು ಡಚ್ ವಿದ್ವಾಂಸರು ಮೊದಲಿಗರ ಸಾಲಿಗೆ ಸೇರಿದವರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ, ಹ್ಯಾಸ್ಕೆಲ್ ಎಂಬ ಭಾಷೆಯೊಳಗೇ ಪ್ರಶ್ನೆಯನ್ನು ಕಟ್ಟುವ ಕ್ರಮವನ್ನು ತೋರಿಸಿದರು. ಅಕ್ಷರಗಳನ್ನು ಅಂಟಿಸುವುದರ ಬದಲು ಭಾಷೆಯ ಸ್ವಂತ ಪದಗಳಿಂದಲೇ ಪ್ರಶ್ನೆಯನ್ನು ರಚಿಸಿದರೆ ಕಂಪೈಲರು ಅದನ್ನು ಓದಲೇಬೇಕು. ಓದಿದ ಮೇಲೆ ತಪ್ಪು ಕಾಣಲೇಬೇಕು. ಮೈಯರ್ ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಗೆ ಬಂದರು. ಅಲ್ಲಿ ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಮೊದಲಾದವರೊಡನೆ ಸೇರಿ ರೂಪಿಸಿದ ‘ಲಿಂಕ್’ ಎಂಬ ಸೌಕರ್ಯವು 2007ರ ನವೆಂಬರಿನಲ್ಲಿ ಸಿ ಶಾರ್ಪ್ ಭಾಷೆಯೊಡನೆ ಹೊರಬಂದಿತು. ವಿದ್ವಾಂಸರ ಪ್ರಬಂಧದಲ್ಲಿದ್ದ ವಿಚಾರ ಎಂಟು ವರ್ಷಗಳಲ್ಲಿ ಲಕ್ಷಾಂತರ ಕಚೇರಿ ಮೇಜುಗಳ ಮೇಲೆ ಬಂದು ಕುಳಿತಿತು.

ಜಾವಾ ಭಾಷೆಯವರು ಬೇರೊಂದು ಉಪಾಯ ಹೂಡಿದರು. 2009ರ ಡಿಸೆಂಬರಿನಲ್ಲಿ ಹೊರಬಂದ ಅವರ ಎರಡನೆಯ ನಿಯಮಾವಳಿಯ ಪ್ರಕಾರ, ಪ್ರೋಗ್ರಾಮಿನಲ್ಲಿ ‘ಸದಸ್ಯ’ ಎಂಬ ಆಬ್ಜೆಕ್ಟಿನ ವಿವರಣೆಯಿದ್ದರೆ ಅದಕ್ಕೊಂದು ಅವಳಿಯನ್ನು ಯಂತ್ರವೇ ಸೃಷ್ಟಿಸುತ್ತದೆ. ಅವಳಿಯ ಹೆಸರಿನ ತುದಿಗೆ ಗುರುತಿಗಾಗಿ ಒಂದು ಅಡಿಗೆರೆ. ಈ ಅವಳಿಯಲ್ಲಿ ಸದಸ್ಯರ ಮಾಹಿತಿ ಇರುವುದಿಲ್ಲ. ಸದಸ್ಯನಿಗೆ ಯಾವ ಯಾವ ಅಂಕಣಗಳುಂಟು, ಯಾವುದು ದಿನಾಂಕ, ಯಾವುದು ಹೆಸರು ಎಂಬ ಪಟ್ಟಿ ಮಾತ್ರ ಇರುತ್ತದೆ. ತಂತಿ ಕಚೇರಿಯ ಅಚ್ಚಾದ ಪಟ್ಟಿಯೇ ಇದು.

ಪ್ರಶ್ನೆ ಬರೆಯುವವನು ಈಗ ‘ಜನ್ಮದಿನ’ ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಬೆರಳಚ್ಚಿಸುವುದಿಲ್ಲ; ಅವಳಿಯ ಪಟ್ಟಿಯಿಂದ ಆರಿಸುತ್ತಾನೆ. ‘ಜನ್ಮದಿನವು ಇಂಥ ದಿನಾಂಕಕ್ಕಿಂತ ಈಚಿನದಾಗಿರಲಿ’ ಎಂಬ ಷರತ್ತನ್ನು ಕಟ್ಟುವಾಗ ದಿನಾಂಕದ ಜಾಗದಲ್ಲಿ ಊರಿನ ಹೆಸರನ್ನು ಇಟ್ಟರೆ, ಇದು ಎರಡು ಮೀಟರ್ ಹಾಲಿನ ಮಾತಾಯಿತೆಂದು ಕಂಪೈಲರು ಕೂಡಲೇ ಕೆಂಪು ಗೆರೆ ಎಳೆಯುತ್ತದೆ. ಇಲ್ಲದ ಅಂಕಣವನ್ನು ಕೇಳಿದರೂ ಹಾಗೆಯೇ. ನಾಳೆ ಯಾರಾದರೂ ಆಬ್ಜೆಕ್ಟಿನಲ್ಲಿ ‘ಜನ್ಮದಿನ’ವನ್ನು ‘ಹುಟ್ಟಿದ ದಿನ’ವೆಂದು ಬದಲಿಸಿದರೆ, ಅದನ್ನು ಬಳಸಿದ ಪ್ರಶ್ನೆಗಳೆಲ್ಲವೂ ಒಮ್ಮೆಗೇ ತಮ್ಮ ತಪ್ಪನ್ನು ತಾವೇ ಕೂಗಿ ಹೇಳುತ್ತವೆ. ಗ್ರಾಹಕನು ನೀಡಿದ ಹೆಸರನ್ನೂ ಈ ಕ್ರಮದಲ್ಲಿ ವಾಕ್ಯಕ್ಕೆ ಅಂಟಿಸುವುದಿಲ್ಲ. ಅದು ಬೆಲೆಯೆಂದೇ ಗುರುತಾಗಿ ಬೇರೆಯಾಗಿ ಸಾಗುತ್ತದೆ. ಎರಡು ಲಕೋಟೆಗಳ ಶಿಸ್ತು ನೆನಪಿನ ಮಾತಾಗಿ ಉಳಿಯದೆ ಕಟ್ಟಡದ ಅಂಗವೇ ಆಗುತ್ತದೆ.

ಸರಿಯಾದ ರೂಪ, ತಪ್ಪಾದ ಮಾತು

ಇಷ್ಟಾದ ಮೇಲೆ ಭಯವೇ ಇಲ್ಲವೆಂದು ಹೇಳುವಂತಿಲ್ಲ. ಶುಭಾಶಯದ ಪಟ್ಟಿಯಿಂದ ಮದುವೆಯ ಮನೆಗೆ ಚುನಾವಣೆಯ ಗೆಲುವಿನ ಅಭಿನಂದನೆಯ ಸಂಖ್ಯೆಯನ್ನು ಕೊಟ್ಟರೆ ಗುಮಾಸ್ತನು ತಡೆಯಲಾರನು. ಸಂಖ್ಯೆ ಪಟ್ಟಿಯಲ್ಲಿದೆ, ವಾಕ್ಯ ಶುದ್ಧವಾಗಿದೆ, ಸಂದರ್ಭ ಮಾತ್ರ ತಪ್ಪು. ಹಾಗೆಯೇ ಹದಿನೆಂಟು ತುಂಬದವರ ಪಟ್ಟಿ ಕೇಳಬೇಕಾದಲ್ಲಿ ಹದಿನೆಂಟು ತುಂಬಿದವರ ಪಟ್ಟಿ ಕೇಳಿದರೆ ಕಂಪೈಲರಿಗೆ ತಕರಾರಿಲ್ಲ. ಪ್ರಶ್ನೆ ಸುಸಂಬದ್ಧವಾಗಿದೆಯೇ ಎಂಬುದನ್ನು ಅದು ಬಲ್ಲದು; ಕೇಳಬೇಕಾದ ಪ್ರಶ್ನೆ ಇದೇ ಹೌದೇ ಎಂಬುದನ್ನು ಅರಿಯದು.

ಇನ್ನೊಂದು ತೊಡಕು ಪಟ್ಟಿಯ ಪ್ರಾಮಾಣ್ಯಕ್ಕೆ ಸಂಬಂಧಿಸಿದುದು. ಜಾವಾದ ಅವಳಿ ಹುಟ್ಟುವುದು ಪ್ರೋಗ್ರಾಮಿನ ಆಬ್ಜೆಕ್ಟಿನಿಂದ, ಉಗ್ರಾಣದ ಕೋಷ್ಟಕದಿಂದಲ್ಲ. ಯಾರೋ ನೇರವಾಗಿ ಉಗ್ರಾಣಕ್ಕೆ ಹೋಗಿ ಅಂಕಣದ ಹೆಸರನ್ನು ಬದಲಿಸಿಬಂದರೆ ಪಟ್ಟಿ ಹಳತಾಗುತ್ತದೆ. ಕಂಪೈಲರು ಹಳೆಯ ಪಟ್ಟಿಯನ್ನೇ ನಂಬಿ ತಲೆದೂಗುತ್ತದೆ. ಇದನ್ನರಿತೇ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ‘ಜೂಕ್’ ಎಂಬ ಸಾಧನವು ಉಗ್ರಾಣದ ಕೋಷ್ಟಕಗಳನ್ನೇ ಓದಿ ಪಟ್ಟಿಯನ್ನು ತಯಾರಿಸಬಲ್ಲದು. ಅಲ್ಲಿಯೂ ಪಟ್ಟಿಯನ್ನು ಮರಳಿ ಮರಳಿ ತಯಾರಿಸಲು ಮರೆಯಬಾರದು.

ಜಾವಾದ ನಿಯಮಾವಳಿಯಲ್ಲಿಯೇ ಉಳಿದುಹೋದ ಒಂದು ಕಿಂಡಿಯೂ ಉಂಟು. ‘ಇದಕ್ಕಿಂತ ಹೆಚ್ಚು’, ‘ಇದಕ್ಕಿಂತ ಕಡಿಮೆ’ ಎಂಬ ಹೋಲಿಕೆಗಳಲ್ಲಿ ಎರಡೂ ಕಡೆಯ ಬಗೆ ಒಂದೇ ಆಗಿರಬೇಕೆಂದು ಕಟ್ಟುನಿಟ್ಟು ಮಾಡಿದ ಆ ನಿಯಮಾವಳಿ, ‘ಇದಕ್ಕೆ ಸಮ’ ಎಂಬ ಹೋಲಿಕೆಯಲ್ಲಿ ಮಾತ್ರ ಯಾವ ಬಗೆಯ ಬೆಲೆಯನ್ನಾದರೂ ಒಪ್ಪಿಕೊಂಡಿತು. ಅದಲ್ಲದೆ ಈ ಕ್ರಮದಲ್ಲಿ ಬರೆದ ಪ್ರಶ್ನೆ ಬಲು ಉದ್ದವೆಂದು ಗೊಣಗುವವರೂ ಇದ್ದಾರೆ. ಎಸ್‌ಕ್ಯೂಎಲ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವುದಕ್ಕೆ ಇಲ್ಲಿ ಐದಾರು ಸಾಲು ಬೇಕು. ಓದಿದವನಿಗೆ ಪ್ರಶ್ನೆಯ ಅರ್ಥ ಥಟ್ಟನೆ ಹೊಳೆಯದು. ಫಿನ್‌ಲೆಂಡಿನ ಪ್ರೋಗ್ರಾಮರುಗಳು ಕಟ್ಟಿದ ‘ಕ್ವೆರಿಡಿಎಸ್‌ಎಲ್’ ಎಂಬ ಸಾಧನದಲ್ಲಿ ಇದೇ ಭದ್ರತೆಯೊಡನೆ ವಾಕ್ಯವು ಆಡುಮಾತಿಗೆ ಹತ್ತಿರವಾಗಿದೆ. ಸಣ್ಣ ಪ್ರೋಗ್ರಾಮಿಗೆ ಇಷ್ಟೆಲ್ಲ ಏಕೆಂದು ಕೇಳುವವರೂ ಉಂಟು. ಎರಡು ಕೋಣೆಯ ಮನೆಗೆ ಕೋಟೆಯ ಬಾಗಿಲು ಬೇಡ, ನಿಜ. ಆದರೆ ಎರಡು ಕೋಣೆಯ ಮನೆ ಹತ್ತು ವರ್ಷಗಳಲ್ಲಿ ಇಪ್ಪತ್ತು ಕೋಣೆಯ ಛತ್ರವಾಗುವುದು ಈ ಲೋಕದಲ್ಲಿ ಸಾಮಾನ್ಯ ಸಂಗತಿ.

ಮರೆತ ಪುಟಗಳು

ಟಾಕ್‌ಟಾಕ್‌ನ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ಎಲ್ಲರೂ ಮನನ ಮಾಡತಕ್ಕದ್ದು. ಕಳ್ಳರು ನುಸುಳಿದ ಪುಟಗಳನ್ನು ಆ ಸಂಸ್ಥೆ ಬರೆದಿರಲೇ ಇಲ್ಲ. 2009ರಲ್ಲಿ ಅದು ಟಿಸ್ಕಾಲಿ ಎಂಬ ಇನ್ನೊಂದು ಕಂಪನಿಯ ಬ್ರಿಟಿಷ್ ವ್ಯವಹಾರವನ್ನು ಕೊಂಡಾಗ ಜೊತೆಯಲ್ಲಿ ಬಂದ ಹಳೆಯ ಪುಟಗಳವು. ಅವು ಇನ್ನೂ ತೆರೆದಿವೆ, ಅವುಗಳಿಂದ ಗ್ರಾಹಕರ ಉಗ್ರಾಣಕ್ಕೆ ದಾರಿಯಿದೆ ಎಂಬುದೇ ಸಂಸ್ಥೆಗೆ ತಿಳಿದಿರಲಿಲ್ಲ. ಯಾವನೋ ಪ್ರೋಗ್ರಾಮರನು ಯಾವುದೋ ಮಧ್ಯಾಹ್ನ ಅಕ್ಷರಗಳನ್ನು ಅಂಟಿಸಿ ಬರೆದ ಪ್ರಶ್ನೆಯು, ಬರೆದವನು ಎದ್ದುಹೋದ ಮೇಲೂ, ಕಂಪನಿಯ ಹೆಸರು ಬದಲಾದ ಮೇಲೂ, ಕೇಳಿದವರಿಗೆಲ್ಲ ಉತ್ತರ ಕೊಡುತ್ತಲೇ ಇತ್ತು.

ಮನುಷ್ಯನ ನೆನಪು ಕಿರಿದು. ಪ್ರೋಗ್ರಾಮಿನ ಆಯುಸ್ಸು ಹಿರಿದು. ಬರೆದವನ ಎಚ್ಚರ ಅವನೊಡನೆಯೇ ಹೊರಟುಹೋಗುತ್ತದೆ. ಬರೆದುದರ ಆಕಾರದಲ್ಲಿ ಸೇರಿದ ಎಚ್ಚರವಾದರೋ ಮುಂದೆ ಬರುವ ಅಪರಿಚಿತನ ಮೇಜಿನ ಮೇಲೂ ತನ್ನ ಕೆಂಪು ಗೆರೆಯನ್ನು ಎಳೆಯುತ್ತದೆ. ಬಗೆಯರಿತು ಪ್ರಶ್ನೆ ಕಟ್ಟುವ ಈ ವಿದ್ಯೆಯಿಂದ ಆಗುವ ನಿಜವಾದ ಉಪಕಾರ ಇದೇ. ತಪ್ಪು ಮಾಡದ ಮನುಷ್ಯನನ್ನು ಅದು ಸೃಷ್ಟಿಸಲಾರದು. ಅವನ ತಪ್ಪು ಅವನ ಕೊಠಡಿಯಿಂದ ಹೊರಟು ಪರರ ಮನೆ ತಲಪುವ ಮೊದಲು ಅದರ ಕೈಹಿಡಿದು ನಿಲ್ಲಿಸಬಲ್ಲದು.

ಮುಂದಿನ ಸಲ ಪರದೆಯ ಮೇಲಿನ ಪುಟ್ಟ ಚೌಕದಲ್ಲಿ ಮನೆಯವರಾರಾದರೂ ತಮ್ಮ ಹೆಸರನ್ನು ಬರೆಯುವಾಗ, ಆ ಹೆಸರು ಒಂದು ಪ್ರಶ್ನೆಯೊಳಗೆ ಕುಳಿತು ದೂರದ ಉಗ್ರಾಣಕ್ಕೆ ಪಯಣ ಹೊರಡುತ್ತದೆ. ಬರೆದವರಿಗೆ ಆ ಪ್ರಶ್ನೆ ಕಾಣುವುದಿಲ್ಲ. ಅದನ್ನು ಕಟ್ಟಿದವರನ್ನು ಅವರು ಎಂದಿಗೂ ಕಾಣುವುದಿಲ್ಲ. ಆದರೂ ಹೆಸರು ಹೆಸರಾಗಿಯೇ ಹೋಗಿ ಹೆಸರಾಗಿಯೇ ಹಿಂದಿರುಗಿದರೆ, ಅದಕ್ಕಾಗಿ ಎಲ್ಲಿಯೋ ಒಬ್ಬರು ತಮ್ಮ ಪ್ರಶ್ನೆಗೆ ಸರಿಯಾದ ಚೀಟಿ ಕಟ್ಟಿ ಕಳಿಸಿದ್ದಾರೆ ಎಂದರ್ಥ.